ಬಿಚ್ಚಿದ ಪಂಪು, ಬಿಚ್ಚದ ಕಂಪ್ರೆಸರು

ಬ್ಯಾಡಗಿ
8 ನವೆಂಬರ್ 2025

ಸುಮಯ್ಯಾಗೆ ಯೂಸುಫಸಾಬ ಮಾಮುವಿನ ದುವಾ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀಯಲ್ಲ, ನಿನಗೆ ಅಲ್ಲಿ ಬೇರೆ ಕೆಲಸವಿಲ್ಲವೇ? ಫೋನಿನಲ್ಲಿ ಕೇಳಿದರೆ ಮಾಮು ಬೈದು ಇಟ್ಟುಬಿಡುತ್ತಾರೆ, ಕಾಗದದಲ್ಲಾದರೆ ಲೆಕ್ಕ ಸಿಗುತ್ತದೆ ಎಂದು ನಿನ್ನ ತಾಯಿಯ ಕೈಯಲ್ಲಿ ಹೇಳಿ ಕಳಿಸಿದ್ದೀಯಂತೆ. ಮೈಮುನಾ ಹಾವೇರಿಯಿಂದ ಬಸ್ಸು ಹತ್ತಿ ಬಂದು, ಸ್ಟಾಂಪು ಹಚ್ಚಿದ ಪಾಕೀಟುಗಳ ಕಟ್ಟೊಂದನ್ನು ನನ್ನ ಮುಂದಿಟ್ಟು ಹೋದಳು. ನಿನ್ನ ಹೈದರಾಬಾದಿನ ವಿಳಾಸವನ್ನೂ ಮೊದಲೇ ಬರೆದಿಟ್ಟಿದ್ದಾಳೆ. ಅಂದರೆ ನನಗೆ ವಿಳಾಸ ಬರೆಯಲೂ ಬರುವುದಿಲ್ಲ ಎಂದು ತಾಯಿ ಮಗಳು ಕೂಡಿ ತೀರ್ಮಾನ ಮಾಡಿದ್ದೀರಿ.

ನನ್ನ ಮನೆಯಾಕೆ, ನಿನ್ನ ಮುಮಾನಿ ಕುಲ್ಸುಮಬಿ, ಎದುರಿಗೆ ಬಂದು ನಿಂತು ಅನ್ನುತ್ತಾಳೆ: "ಬರೀರಿ ಸುಮ್ನ. ಮಷೀನಿಗೆ ದಿನಾ ಬೈಯಾಕ ಬಾಯಿ ಐತಿ, ತಂಗಿ ಮಗಳಿಗೆ ನಾಕು ಸಾಲು ಬರಿಯಾಕ ಕೈ ನೋಯ್ತಾವೇನು?"

ಆಯಿತು, ನೀನು ಕೇಳಿದ್ದಕ್ಕೆ ಉತ್ತರ ತೆಗೆದುಕೋ. ಮಲ್ಲಿಕಾರ್ಜುನ ಸಾಹುಕಾರರ ಕೋಲ್ಡ್ ಸ್ಟೋರೇಜಿಗೆ ನಾನು ಬಂದು ಹತ್ತೊಂಬತ್ತು ವರ್ಷ. ಕಂಪ್ರೆಸರ್ ನಾಲ್ಕು. ಅವು ನಿಂತರೆ ಒಳಗಿನ ಮೆಣಸಿನಕಾಯಿ ಬಣ್ಣ ಬಿಡುತ್ತದೆ. ಬಣ್ಣ ಬಿಟ್ಟ ಮೇಲೆ ಬ್ಯಾಡಗಿ ಕಾಯಿಯಲ್ಲಿ ಉಳಿಯುವುದೇನು, ಅದರಲ್ಲಿ ಖಾರ ಮೊದಲೇ ಕಡಿಮೆ. ಇಷ್ಟು ವರ್ಷದಲ್ಲಿ ಅವು ಕೆಟ್ಟದ್ದು ಮೂರು ಸಲ. ಮೂರೇ. ಪೇಟೆಯಲ್ಲಿ ಬೇರೆ ಯಾರ ಸ್ಟೋರೇಜಿನಲ್ಲಾದರೂ ಹೋಗಿ ಕೇಳಿ ಬಾ.

ಯಾಕೆ ಮೂರೇ ಅಂದರೆ, ಪ್ರತಿ ಡಿಸೆಂಬರಿನಲ್ಲಿ ಮಾಲು ಖಾಲಿಯಾದ ಮೇಲೆ ನಾನೀಗ ನಾಲ್ಕನ್ನೂ ಬಿಚ್ಚುತ್ತೇನೆ. ಬೇರಿಂಗು, ಸೀಲು, ವಾಲ್ವು ಎಲ್ಲ ತೊಳೆದು ನೋಡಿ, ಸಂಶಯ ಬಂದದ್ದನ್ನು ಒಗೆದು, ಹೊಸದು ಕೂರಿಸಿ ಮುಚ್ಚುತ್ತೇನೆ. ಕಣ್ಣಿಂದ ನೋಡಿದ್ದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ನೀನು ವಿಮಾನದ ಕಂಪನಿಯ ಕುರ್ಚಿಯಲ್ಲಿ ಕೂತು, ಯಾವುದೋ ಪಂಪನ್ನು ಇನ್ನು ಮೇಲೆ ಬಿಚ್ಚುವುದು ಬೇಡ ಎಂದು ಬರೆದು ಕೊಡುತ್ತಿದ್ದೀಯಂತೆ. ಮೈಮುನಾ ಅದನ್ನು ಹೆಮ್ಮೆಯಿಂದ ಹೇಳಿದಳು. ನನಗೆ ಹೆಮ್ಮೆ ಆಗಲಿಲ್ಲ. ನನ್ನ ಮಷೀನು ನಿಂತರೆ ಗೋಡೆಗೆ ಒರಗಿ ಯೋಚನೆ ಮಾಡಲು ಜಾಗವಿದೆ. ನಿನ್ನದು ನಿಂತರೆ ಒರಗಲು ಮೋಡ ಇದೆಯೇನು? ಕಂಪನಿಯ ಖರ್ಚು ಉಳಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಲು ಹೊರಟಿದ್ದರೆ ಆ ನೌಕರಿ ಬಿಟ್ಟು ಮನೆಗೆ ಬಾ.

ಯೂಸುಫಸಾಬ


ಹೈದರಾಬಾದ್
15 ನವೆಂಬರ್ 2025

ಮಾಮುಗೆ, ಮುಮಾನಿಗೆ ಸಲಾಂ.

ನಿಮ್ಮ ಕಾಗದ ಬಂತು. ಬೈಗುಳವನ್ನು ಬೇರೆ ತೆಗೆದಿಟ್ಟು ಉಳಿದದ್ದನ್ನು ಎರಡು ಸಲ ಓದಿದೆ.

ನಾನು ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಇಷ್ಟೇ. ಯಾವ ವಿಮಾನದಿಂದ ಯಾವ ಭಾಗ ಇಳಿಯಿತು, ಕೆಟ್ಟು ಇಳಿಯಿತೋ ವಾಯಿದೆ ಮುಗಿಯಿತೆಂದು ಇಳಿಸಿದರೋ, ಹಾಕಿದ ಮೇಲೆ ಎಷ್ಟು ತಾಸು ಹಾರಿತ್ತು, ಇದನ್ನೆಲ್ಲ ಕೂಡಿಸಿ, ಗ್ರಾಫಿನ ಗೆರೆ ಎಳೆದು, ಏನಾದರೂ ಕಾಣಿಸುತ್ತದೆಯೇ ಎಂದು ನೋಡುವುದು. ಟೈರು, ಬ್ರೇಕು ಸವೆಯುತ್ತವೆ, ಅದು ಯಾರಿಗಾದರೂ ಗೊತ್ತು. ಇಂಜಿನ್ನಿನ ಒಳಗಿನ ಕೆಲವು ಚಕ್ರಗಳು ಒಡೆದರೆ ಉಳಿಗಾಲವಿಲ್ಲ. ಚೆನ್ನಾಗಿ ಕಂಡರೂ ಅವನ್ನು ವಾಯಿದೆಗೆ ಸರಿಯಾಗಿ ಕಿತ್ತೊಗೆಯುತ್ತೇವೆ. ಅದನ್ನು ನಿಲ್ಲಿಸಿ ಎಂದು ನಾನು ಕನಸಿನಲ್ಲೂ ಹೇಳುವುದಿಲ್ಲ.

ನನ್ನ ಮಾತು ಒಂದೇ ಒಂದು ಎಣ್ಣೆ ಪಂಪಿನದು. ಗಾಲಿ ಎತ್ತಿ ಇಳಿಸಲು, ಬ್ರೇಕಿಗೆ ಒತ್ತಡ ಕೊಡಲು ಇರುವ ಪಂಪು. ಒಂದು ನಿಂತರೆ ಇನ್ನೊಂದು ಇದೆ, ಅದರ ಹಿಂದೆ ಮತ್ತೊಂದು ದಾರಿ ಇದೆ. ಈಗ ಅದನ್ನು ವಾಯಿದೆ ಬಂದ ಕೂಡಲೇ ಇಳಿಸಿ, ಬಿಚ್ಚಿ, ಮುಚ್ಚಿ, ಮತ್ತೆ ಹಾಕುತ್ತೇವೆ. ಹಾಗೆ ಬಿಚ್ಚಿ ಮುಚ್ಚಿದ ಪಂಪುಗಳಲ್ಲಿ ಕೆಲವು ಮೊದಲ ಕೆಲವು ವಾರಗಳಲ್ಲೇ ಕೆಟ್ಟು ವಾಪಸು ಬರುತ್ತವೆ. ಆ ಗಂಡಾಂತರ ದಾಟಿದವು ಸುಮ್ಮನೆ ಓಡುತ್ತಲೇ ಇರುತ್ತವೆ. ಹಳೆಯದಾಯಿತು ಎಂಬ ಕಾರಣಕ್ಕೆ ಕೆಟ್ಟದ್ದು ನನಗೆ ಕಾಣಿಸಿಲ್ಲ. ಆ ಪಂಪಿಗೆ ಒಂದು ಫಿಲ್ಟರ್ ಇದೆ. ಒಳಗೆ ಲೋಹ ಲೋಹಕ್ಕೆ ತಿಕ್ಕಿದರೆ ಪುಡಿ ಮೊದಲು ಬಂದು ಕೂರುವುದು ಅದರಲ್ಲಿ. ಆ ಫಿಲ್ಟರನ್ನು ಮತ್ತೆ ಮತ್ತೆ ನೋಡೋಣ, ಪುಡಿ ಕಂಡರೆ ಬಿಚ್ಚೋಣ, ಇಲ್ಲದಿದ್ದರೆ ಚೆನ್ನಾಗಿ ಓಡುವುದನ್ನು ಮುಟ್ಟುವುದು ಬೇಡ. ನನ್ನ ಪ್ರಸ್ತಾವದಲ್ಲಿ ಇರುವುದು ಇಷ್ಟೇ.

ಡಿಸೆಂಬರ್ ಹನ್ನೆರಡಕ್ಕೆ ಸಭೆ. ಹ್ಯಾಂಗರಿನ ಮುಖ್ಯಸ್ಥರು ಪ್ರೇಮಕುಮಾರ ಸರ್, ರಾಯಚೂರು ಕಡೆಯವರು, ಇಪ್ಪತ್ತೈದು ವರ್ಷ ಕೈಗೆ ಎಣ್ಣೆ ಹಚ್ಚಿಕೊಂಡವರು. ನಾನು ಪ್ರಸ್ತಾವ ಕೊಟ್ಟ ದಿನ ಎಲ್ಲರ ಮುಂದೆಯೇ ಕೇಳಿದರು: "ಏ ಹುಡುಗಿ, ಪಂಪು ಒಂದರ ಬಿಚ್ಚೀಯೇನು ಜೀವಮಾನದಾಗ? ಗೆರಿ ಎಳದು ವಿಮಾನ ಹಾರಸ್ತೀಯೇನು?"

ನನ್ನ ಕಷ್ಟ ಬೇರೆಯೇ ಇದೆ. ನಮ್ಮದು ಸಣ್ಣ ಕಂಪನಿ, ಇರುವುದು ಹನ್ನೊಂದೇ ವಿಮಾನ. ಇಷ್ಟು ಕಡಿಮೆ ಲೆಕ್ಕದಲ್ಲಿ ನಿಜವೂ ಆಕಸ್ಮಿಕವೂ ಒಂದೇ ಬಟ್ಟೆ ಉಟ್ಟುಕೊಂಡು ಬರುತ್ತವೆ. ಅದಕ್ಕೇ ಜೀವನವಿಡೀ ಬಿಚ್ಚಿ ಮುಚ್ಚಿದವರೊಬ್ಬರನ್ನು ಕೇಳೋಣ ಎನ್ನಿಸಿತು. ನಾನು ನೋಡಿದ ಮೊದಲ ಮಷೀನು ನಿಮ್ಮದೇ. ನೀವು ಮೂರು ಎಂದು ಬರೆದಿದ್ದೀರಿ. ನಾಲ್ಕು ಮಷೀನು, ಹತ್ತೊಂಬತ್ತು ವರ್ಷ, ಮೂರು. ಓದಿದಾಗಿನಿಂದ ನಿದ್ದೆ ಸರಿಯಾಗಿಲ್ಲ. ಬಿಚ್ಚುವುದರಿಂದ ಇಷ್ಟು ಒಳ್ಳೆಯದಾಗುವುದಾದರೆ ನನ್ನ ಗೆರೆ ಸುಳ್ಳು ಹೇಳುತ್ತಿರಬಹುದು. ಸುಳ್ಳಿದ್ದರೆ ಅದರ ಕೆಳಗೆ ನಾನು ಸಹಿ ಹಾಕಬಾರದು. ಪ್ರಸ್ತಾವ ವಾಪಸು ತೆಗೆದುಕೊಳ್ಳುವ ಯೋಚನೆಯಲ್ಲಿದ್ದೇನೆ.

ಗುರುವಾರ ಫೋನು ಮಾಡುತ್ತೇನೆ, ಎತ್ತಿ. ನಿಮಗೂ ಬರೆಯುವ ಕಷ್ಟ ತಪ್ಪುತ್ತದೆ. ಕಳೆದ ಮೂರು ತಿಂಗಳಲ್ಲಿ ನೀವು ನನ್ನ ಒಂದು ಫೋನನ್ನೂ ಎತ್ತಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಅದನ್ನೂ ಬರೆಯಿರಿ.

ನಿಮ್ಮ
ಸುಮಯ್ಯಾ


ಬ್ಯಾಡಗಿ
21 ನವೆಂಬರ್ 2025

ಸುಮಯ್ಯಾಗೆ ದುವಾ.

ವಾಪಸು ತೆಗೆದುಕೋ. ಬುದ್ಧಿ ಬಂತಲ್ಲ, ಒಳ್ಳೆಯದಾಯಿತು.

ನಿನ್ನೆ ಗುರುವಾರ ಫೋನು ಬಂದಿತ್ತು, ಎತ್ತಲಿಲ್ಲ. ಕಂಪ್ರೆಸರ್ ರೂಮಿನಲ್ಲಿ ರೇಂಜ್ ಸಿಗುವುದಿಲ್ಲ, ಮನೆಗೆ ಬಂದರೆ ಫೋನಿನ ಸ್ಪೀಕರ್ ಸರಿ ಇಲ್ಲ, ಎಲ್ಲರೂ ಬಾವಿಯೊಳಗಿನಿಂದ ಮಾತಾಡಿದ ಹಾಗೆ ಬರುತ್ತದೆ. ರಾಣೇಬೆನ್ನೂರಿಗೆ ರಿಪೇರಿಗೆ ಕೊಡಬೇಕು. ನಿನ್ನ ಮುಮಾನಿಯೂ ಈಚೆಗೆ ಸೆರಗು ಬಾಯಿಗೆ ಹಚ್ಚಿಕೊಂಡೇ ಮಾತಾಡುತ್ತಾಳೆ. ನಾನು "ಏನು?" ಅಂದರೆ "ಏನಿಲ್ಲ ಬಿಡ್ರಿ" ಅನ್ನುತ್ತಾಳೆ. ಏನೂ ಇಲ್ಲದಿದ್ದರೆ ಬಾಯಿ ಯಾಕೆ ತೆರೆಯಬೇಕಿತ್ತು?

ನಿನಗೆ ತಿಳಿಯಲಿ ಎಂದು ಇನ್ನಷ್ಟು ಬರೆಯುತ್ತೇನೆ. ಮಿಸ್ತ್ರಿ ಅಂದರೆ ಹೇಗಿರಬೇಕು ನೋಡು. ಹೋದ ಡಿಸೆಂಬರಿನಲ್ಲಿ ನಾಲ್ಕನ್ನೂ ಬಿಚ್ಚಿ ಮುಚ್ಚಿದೆ. ಮೂರು ದಿನಕ್ಕೆ ಎರಡನೆಯದರ ಸೀಲಿನಿಂದ ಗ್ಯಾಸು ಬಿಡತೊಡಗಿತು. ಮೂಗಿಗೆ ಹಸಿ ಬಟ್ಟೆ ಕಟ್ಟಿಕೊಂಡು ಒಳಗೆ ನುಗ್ಗಿ ನಾನೇ ಸರಿ ಮಾಡಿದೆ. ಸಂಕ್ರಾಂತಿಯ ಹೊತ್ತಿಗೆ ಮತ್ತೆ ಅದೇ ಸೀಲು, ಮತ್ತೆ ನಾನೇ. ಆಮೇಲೆ ಒಂದನೆಯದರ ಬೋಲ್ಟು ಸಡಿಲಾಯಿತು. ನಾಲ್ಕನೆಯದರ ವಾಲ್ವು ಬಡಿಯುತ್ತಿದೆ ಎಂದು ಪ್ಯಾನೆಲ್ ನೋಡುವ ಸೋಮಣ್ಣ ಓಡಿ ಬಂದ. ಸಾಹುಕಾರರು ಕುಡಿಯುತ್ತಿದ್ದ ಚಹಾ ಆರುವುದರೊಳಗೆ ಅದೂ ಸರಿಯಾಯಿತು. ಒಂದು ಸಲವಾದರೂ ಹುಬ್ಬಳ್ಳಿಯ ಮಿಸ್ತ್ರಿಯನ್ನು ಕರೆಸಿದೆನೇನು? ಹುಬ್ಬಳ್ಳಿಯವನು ಈ ಗೇಟು ದಾಟಿದ್ದೇ ಇಷ್ಟು ವರ್ಷದಲ್ಲಿ ಮೂರು ಸಲ. ಅದನ್ನೇ ನಿನಗೆ ಬರೆದದ್ದು.

ಈಗ ಎಣ್ಣೆಯೂ ಚೆನ್ನಾಗಿ ಬರುತ್ತದೆ. ಮಷೀನುಗಳು ಸದ್ದೇ ಮಾಡುವುದಿಲ್ಲ. ನಾಲ್ಕನೆಯದು ಕೂಡ ಹಾಲು ಕುಡಿದ ಕೂಸಿನ ಹಾಗೆ ಬಿದ್ದಿರುತ್ತದೆ.

ಪ್ರೇಮಕುಮಾರ ಹೇಳಿದ್ದು ಸರಿಯಾಗಿದೆ. ದೊಡ್ಡವರ ಮಾತು ಕೇಳು.

ಯೂಸುಫಸಾಬ


ಹೈದರಾಬಾದ್
28 ನವೆಂಬರ್ 2025

ಮಾಮುಗೆ ಸಲಾಂ.

ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ಸಿಟ್ಟಾಗದೆ ಓದಿ. ಸಿಟ್ಟಾದರೂ ಕೊನೆಯವರೆಗೆ ಓದಿ.

ಹುಬ್ಬಳ್ಳಿಯವರು ಬಂದ ಮೂರು ಸಲ ಮಾತ್ರ ನಿಮ್ಮ ಲೆಕ್ಕದಲ್ಲಿ ಇದೆ. ನೀವೇ ಕೈ ಹಾಕಿ ಸರಿ ಮಾಡಿದ್ದು ಇಲ್ಲ. ನಿಮ್ಮನ್ನು ತಪ್ಪು ಅನ್ನುತ್ತಿಲ್ಲ, ನಮ್ಮಲ್ಲೂ ಇದೇ ಕಥೆ. ಯಾವುದೋ ಪೆಟ್ಟಿಗೆ ತಕರಾರು ಮಾಡುತ್ತದೆ, ಪಾಳಿಯ ಹುಡುಗರು ಅದರ ಸ್ವಿಚ್ಚು ಆರಿಸಿ ಮತ್ತೆ ಹಾಕುತ್ತಾರೆ, ಸರಿಯಾಗುತ್ತದೆ, ಯಾರೂ ಬರೆದಿಡುವುದಿಲ್ಲ. ಚೆನ್ನಾಗಿ ಕೆಲಸ ಮಾಡುವವರು ಇರುವಲ್ಲಿ ಲೆಕ್ಕ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಅದು ಮಷೀನಿನ ಗುಣವೋ ಕೈಯ ಗುಣವೋ ಎಂದು ನನ್ನ ಕುರ್ಚಿಗೆ ಗೊತ್ತಾಗುವುದಿಲ್ಲ.

ಅದಕ್ಕೆ ಎರಡು ಮಾತು ಕೇಳುತ್ತೇನೆ. ನೀವು ಸರಿ ಮಾಡಿದ್ದು ಒಟ್ಟು ಎಷ್ಟು ಸಲ, ಮತ್ತು ಅದು ಬಿಚ್ಚಿ ಮುಚ್ಚಿದ ಮೇಲೆ ಎಷ್ಟು ದಿನಕ್ಕೆ? ತಾರೀಖು ಬೇಡ. ಸಂಕ್ರಾಂತಿ, ಶಿವರಾತ್ರಿ, ಉರುಸು, ರಂಜಾನ್, ಯಾವುದರ ಹತ್ತಿರ ಎಂದು ನೆನಪಾದರೆ ಸಾಕು.

ಒಂದು ಸಂಗತಿಯನ್ನು ಮೊದಲ ಕಾಗದದಲ್ಲಿ ಬರೆದಿರಲಿಲ್ಲ. ಅಕ್ಟೋಬರಿನಲ್ಲಿ ನಮ್ಮ ವಿಮಾನವೊಂದು ಹಾರಿದ ಸ್ವಲ್ಪ ಹೊತ್ತಿಗೇ ತಿರುಗಿ ಬಂದು ಇಳಿಯಿತು. ಈ ಪಂಪೇ ನಿಂತಿತ್ತು. ಇನ್ನೊಂದು ಪಂಪು ಕೆಲಸ ಮಾಡಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ನಿಂತ ಪಂಪು ಬಿಚ್ಚಿ ಮುಚ್ಚಿಸಿಕೊಂಡು ಬಂದು ಹತ್ತು ದಿನವೂ ಆಗಿರಲಿಲ್ಲ. ಅದರ ಜಾಗದಲ್ಲಿ ಮೊದಲಿದ್ದ ಪಂಪು ಚೆನ್ನಾಗಿ ಓಡುತ್ತಿತ್ತು. ವಾಯಿದೆ ಮುಗಿಯಿತೆಂದು ಇಳಿಸಿದ್ದೆವು. ಇಳಿಸಬೇಕೆಂಬ ಪಟ್ಟಿ ಮಾಡಿದವಳು ನಾನು. ಖರ್ಚು ಉಳಿಸಲು ಹೊರಟಿದ್ದೇನೆ ಎಂದು ಬರೆದಿದ್ದಿರಲ್ಲ, ಅದಕ್ಕೆ ಇದನ್ನು ಹೇಳಿದೆ. ಈ ಪ್ರಸ್ತಾವ ಬಿದ್ದರೆ ಮುಂದಿನ ಪಟ್ಟಿಯನ್ನೂ ನಾನೇ ಮಾಡಬೇಕು.

ಇನ್ನೊಂದು ಸಣ್ಣ ಪ್ರಶ್ನೆ. ನಾನು ಶಾಲೆಯ ರಜೆಗೆ ಬ್ಯಾಡಗಿಗೆ ಬರುತ್ತಿದ್ದಾಗ, ನೀವು ಗೇಟಿನಲ್ಲಿ ಸೈಕಲ್ಲು ಇಳಿಯುವ ಮೊದಲೇ "ನಾಕನೇದ್ದು ಬಡ್ಯಾಕತ್ತೇತಿ" ಎಂದು ಸೋಮಣ್ಣನಿಗೆ ಹೇಳುತ್ತಿದ್ದಿರಿ. ಈ ಸಲ ಸೋಮಣ್ಣ ಬಂದು ನಿಮಗೆ ಹೇಳಬೇಕಾದದ್ದು ಯಾಕೆ?

ನಿಮ್ಮ
ಸುಮಯ್ಯಾ


ಹೈದರಾಬಾದ್
6 ಡಿಸೆಂಬರ್ 2025

ಮಾಮುಗೆ ಸಲಾಂ.

ಉತ್ತರ ಬರಲಿಲ್ಲ. ಅಮ್ಮನಿಗೆ ಫೋನು ಮಾಡಿದೆ. "ಆಂವ ಯಾರ ಕೂಡಾನೂ ಮಾತಾಡವಲ್ಲ, ಊಟಾ ಅರ್ಧಾ ಬಿಟ್ಟು ಏಳ್ತಾನ" ಅಂದಳು. ನಾನು ಕೇಳಬಾರದ್ದನ್ನು ಕೇಳಿದ್ದರೆ ಆ ಕೊನೆಯ ಪ್ರಶ್ನೆಯನ್ನು ಬಿಟ್ಟುಬಿಡಿ. ಮೊದಲಿನ ಎರಡಕ್ಕೆ ಮಾತ್ರ ಬರೆಯಿರಿ. ಹನ್ನೆರಡಕ್ಕೆ ಸಭೆ.

ಸುಮಯ್ಯಾ


ಬ್ಯಾಡಗಿ
9 ಡಿಸೆಂಬರ್ 2025

ಸುಮಯ್ಯಾಗೆ.

ನಿನ್ನ ಕಾಗದ ಓದಿ ಒಲೆಗೆ ಹಾಕಲು ಹೊರಟಿದ್ದೆ. ಕುಲ್ಸುಮಬಿ ಕಸಿದುಕೊಂಡು ತನ್ನ ಕುರಾನ್ ಇಡುವ ಕಪಾಟಿನಲ್ಲಿ ಇಟ್ಟುಬಿಟ್ಟಳು. ಅಲ್ಲಿಟ್ಟದ್ದನ್ನು ಸುಡುವುದು ಹೇಗೆ?

ನಿನ್ನ ಲೆಕ್ಕ ಸುಳ್ಳು ಎಂದು ತೋರಿಸಬೇಕೆಂದೇ ಸೋಮಣ್ಣನನ್ನು ಕೂರಿಸಿಕೊಂಡೆ. ಅವನು ಕರ್ಜಗಿಯಿಂದ ಬೈಕಿನ ಮೇಲೆ ಬರುವವನು, ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಹಿಡಿದೆ.

"ಸಂಕ್ರಮಣಕ್ಕ ನಿಮಗ ಕುಸುರೆಳ್ಳು ತಂದಿದ್ನಿ ನೋಡ್ರಿ, ಆವತ್ತು ಎರಡನೇದ್ದು ಗ್ಯಾಸ್ ಬಿಟ್ಟಿತ್ತು," ಅಂದ.

"ಅದು ಕೆಟ್ಟಿದ್ದಲ್ಲಲೇ. ನಾನ ಸರಿ ಮಾಡಿದ್ನೆಲ್ಲ."

"ಕೆಟ್ಟಿರಲಿಲ್ಲ ಅಂದ್ರ ಇಬ್ಬರೂ ಮಾರಿಗೆ ಹಸಿ ಅರಿವಿ ಕಟಗೊಂಡು ಎಲ್ಲಿಗೆ ಹೊಂಟಿದ್ವಿ ಚಾಚಾ, ಮದಿವಿಗೇನು?"

ಅವನಿಗೆ ಬಾಯಿ ಹೆಚ್ಚು. ಆದರೆ ನೆನಪು ಗಟ್ಟಿ. ಅವನೊಂದು ಹೇಳಿದ, ನಾನೊಂದು ಹೇಳಿದೆ. ಹದಿನಾಲ್ಕರವರೆಗೆ ಎಣಿಸಿ ನಾನೇ ನಿಲ್ಲಿಸಿದೆ. ಎಲ್ಲವೂ ಈ ನಾಲ್ಕು ವರ್ಷದ್ದು. ಹತ್ತಕ್ಕೂ ಹೆಚ್ಚು ಶಿವರಾತ್ರಿಯ ಒಳಗಿನವು. ಅಂದರೆ ನಾನು ಬಿಚ್ಚಿ ಮುಚ್ಚಿದ ಮೇಲಿನವು.

ಕೂಡಲೇ ಕುಣಿಯಬೇಡ. ಸಂಕ್ರಾಂತಿಯ ನಂತರ ಹೊಸ ಮಾಲು ಬರುತ್ತದೆ, ಬಿಸಿಲಲ್ಲಿ ಒಣಗಿದ ಚೀಲ ಒಳಗೆ ಬೀಳುತ್ತದೆ, ಮಷೀನಿಗೆ ಆಗಲೇ ಹೆಚ್ಚು ಕೆಲಸ. ಅದಕ್ಕೂ ಕೆಡಬಹುದು, ಇದನ್ನೂ ಲೆಕ್ಕಕ್ಕೆ ಹಿಡಿ. ಆದರೆ ಸೋಮಣ್ಣ ಇನ್ನೊಂದು ಮಾತು ಅಂದ. ಈ ನಾಲ್ಕು ವರ್ಷಕ್ಕೆ ಮೊದಲು ನಾನು ಪ್ರತಿ ಡಿಸೆಂಬರಿಗೆ ನಾಲ್ಕನ್ನೂ ಬಿಚ್ಚುತ್ತಿರಲಿಲ್ಲ. ಯಾವುದು ತಕರಾರು ಮಾಡುತ್ತಿತ್ತೋ ಅದೊಂದನ್ನೇ ಬಿಚ್ಚುತ್ತಿದ್ದೆ. ಆಗಲೂ ಸಂಕ್ರಾಂತಿಯ ನಂತರ ಇಷ್ಟೇ ಮಾಲು ಬರುತ್ತಿತ್ತು. ಮುಟ್ಟದೇ ಬಿಟ್ಟವು ಆ ತಿಂಗಳುಗಳಲ್ಲಿ ಸುಮ್ಮನೆ ಓಡುತ್ತಿದ್ದವು. ಯೋಚನೆ ಮಾಡಿದೆ. ಅವನು ಹೇಳಿದ್ದು ಖರೆ.

ನಾನು ಕೂರಿಸಿದ ಸೀಲು ಸರಿಯಾಗಿಯೇ ಇತ್ತು. ಬಿಗಿದ ಬೋಲ್ಟೂ ಸರಿಯಾಗಿಯೇ ಇತ್ತು. ಆದರೂ ಹೀಗೆ. ನನಗೆ ತಿಳಿಯುವುದಿಲ್ಲ.

ವಾಪಸು ತೆಗೆದುಕೋ ಎಂದು ಬರೆದಿದ್ದೆನಲ್ಲ, ಆ ಮಾತನ್ನು ಬಿಟ್ಟುಬಿಡು. ನಿನ್ನದನ್ನು ನೀನು ನೋಡಿಕೋ.

ಇನ್ನೊಂದು ಪ್ರಶ್ನೆ ಕೇಳಿದ್ದೀಯ. ಅದಕ್ಕೆ ಉತ್ತರ ಕೊಡುವುದಿಲ್ಲ.

ಯೂಸುಫಸಾಬ


ಹೈದರಾಬಾದ್
16 ಡಿಸೆಂಬರ್ 2025

ಮಾಮುಗೆ ಸಲಾಂ.

ನಿಮ್ಮ ಕಾಗದ ನನ್ನ ಕೈಗೆ ಬಂದದ್ದು ಹದಿಮೂರಕ್ಕೆ. ಸಭೆ ಹಿಂದಿನ ದಿನವೇ ಮುಗಿದಿತ್ತು.

ಉತ್ತರ ಬರದಿದ್ದಾಗ ನನಗೆ ಒಂದು ಸಂಗತಿ ಹೊಳೆಯಿತು. ನಿಮ್ಮ ಮೂರನ್ನು ನಂಬಿ ಹಿಂದೆ ಸರಿಯುವುದು ಎಷ್ಟು ತಪ್ಪೋ, ನಿಮ್ಮ ಹದಿನಾಲ್ಕು ಬರಲಿ ಎಂದು ಕಾಯುವುದೂ ಅಷ್ಟೇ ತಪ್ಪು. ಹೆದರಿಕೆಗೆ ನಾನು ಇನ್ನೊಬ್ಬರ ಸಹಿ ಹುಡುಕುತ್ತಿದ್ದೆ. ಪಂಪು ನನ್ನದು, ಸಹಿಯೂ ನನ್ನದೇ ಆಗಬೇಕು. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಸಭೆಯ ಮುಂದೆ ಇಟ್ಟೆ. ಹನ್ನೊಂದೇ ವಿಮಾನದ ಲೆಕ್ಕ, ಇದರಿಂದ ಇಷ್ಟು ಹೇಳಬಹುದು, ಇದಕ್ಕಿಂತ ಹೆಚ್ಚು ಹೇಳಲಾಗದು ಎಂದೆ. ಪಂಪು ತಯಾರಿಸಿದವರಿಂದ ಬೇರೆ ಕಂಪನಿಗಳ ಲೆಕ್ಕವನ್ನೂ ತರಿಸಿಕೊಂಡಿದ್ದೆ, ಅದೂ ಇದೇ ದಾರಿಯಲ್ಲಿತ್ತು.

ಪ್ರೇಮಕುಮಾರ ಸರ್ ಕೊನೆಯಲ್ಲಿ ಒಂದೇ ಮಾತು ಕೇಳಿದರು: "ಬಿಚ್ಚಂಗಿಲ್ಲ ಅಂದ್ಮ್ಯಾಲ ಆ ಫಿಲ್ಟರ್ ಯಾರು ನೋಡತಾರ? ನೋಡೀನಿ ಅಂತ ಬರದು ನೋಡಲಾರದ ಬಿಟ್ರ?" ಅವರೇ ದಾರಿ ಹೇಳಿದರು. ತೆಗೆದ ಫಿಲ್ಟರನ್ನು ಪೊಟ್ಟಣ ಕಟ್ಟಿ ನನ್ನ ಮೇಜಿಗೆ ಕಳಿಸಬೇಕು, ನಾನು ಕಣ್ಣಾರೆ ನೋಡಿ ಒಪ್ಪಬೇಕು. ಒಂದು ವರ್ಷ ಐದು ವಿಮಾನಗಳಿಗೆ ಹೊಸ ಪದ್ಧತಿ, ಆರಕ್ಕೆ ಹಳೆಯದು. ಆಮೇಲೆ ಮತ್ತೆ ಕೂತು ಮಾತಾಡುವುದು. ನಾನು ಸಹಿ ಹಾಕಿದೆ, ಅವರೂ ಹಾಕಿದರು.

ಅವರ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಿಚ್ಚದೇ ಬಿಡುವುದು ಸರಿ, ಆದರೆ ಯಾರಾದರೂ ಕೇಳಿಸಿಕೊಳ್ಳುತ್ತಿದ್ದರೆ ಮಾತ್ರ. ಮುಚ್ಚಿಟ್ಟು ಕೇಳಿಸಿಕೊಳ್ಳದೆಯೂ ಇರುವುದಕ್ಕಿಂತ ಕೆಟ್ಟದ್ದು ಇಲ್ಲ. ಮೊದಲು ನೀವು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಹಚ್ಚಿ, ತಕರಾರು ಮಾಡಿದ್ದನ್ನು ಮಾತ್ರ ಬಿಚ್ಚುತ್ತಿದ್ದಿರಿ. ನಾಲ್ಕು ವರ್ಷದಿಂದ ಎಲ್ಲವನ್ನೂ ಬಿಚ್ಚುತ್ತಿದ್ದೀರಿ. ಫೋನು ಎತ್ತುವುದಿಲ್ಲ. ಮುಮಾನಿ ಬಾಯಿಗೆ ಸೆರಗು ಹಚ್ಚಿಕೊಂಡರೆ ನಿಮಗೆ ಮಾತು ತಿಳಿಯುವುದಿಲ್ಲ ಎಂದರೆ, ನೀವು ಅವರ ತುಟಿ ನೋಡುತ್ತಿದ್ದೀರಿ. ನಾಲ್ಕನೆಯ ಕಂಪ್ರೆಸರ್ ಯಾವತ್ತೂ ಸುಮ್ಮನಿರುವ ಜಾತಿಯದಲ್ಲ.

ಮಾಮು, ಕೇಳಿಸದವನು ಬಿಚ್ಚಿ ನೋಡುತ್ತಾನೆ. ಅದು ದಡ್ಡತನವಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಮೆಣಸಿನಕಾಯಿ ಕಾಯಬೇಕು, ಕಿವಿ ಸಾಲದು, ಹಾಗಾಗಿ ಕಣ್ಣಿಗೆ ಕೆಲಸ ಕೊಟ್ಟಿರಿ. ಸೀಲಿನ ತಪ್ಪೂ ಅಲ್ಲ, ನಿಮ್ಮ ಕೈಯ ತಪ್ಪೂ ಅಲ್ಲ. ಎಷ್ಟೇ ಒಳ್ಳೆಯ ಕೈಯಾದರೂ, ಒಗ್ಗಿ ಕೂತದ್ದನ್ನು ಕಿತ್ತು ಮತ್ತೆ ಕೂರಿಸಿದಾಗ ಅದು ಹೊಸದಾಗಿ ಒಗ್ಗಬೇಕಾಗುತ್ತದೆ.

ಕಿವಿಯ ಡಾಕ್ಟರು ರಾಣೇಬೆನ್ನೂರಿನಲ್ಲೂ ಇದ್ದಾರೆ. ಹೋಗಿ ಎಂದು ನಾನು ಬರೆಯುವುದಿಲ್ಲ. ಬರೆದರೆ ನೀವು ಹೋಗುವುದಿಲ್ಲ.

ನಿಮ್ಮ
ಸುಮಯ್ಯಾ


ಬ್ಯಾಡಗಿ
27 ಡಿಸೆಂಬರ್ 2025

ಸುಮಯ್ಯಾಗೆ ದುವಾ.

ಮನೆಯೊಳಗಿನ ಮಾತನ್ನು ಬರೆದು ಪೋಸ್ಟಿಗೆ ಹಾಕುವ ಧೈರ್ಯ ನಿನಗೆ ಯಾರು ಕೊಟ್ಟರೋ ತಿಳಿಯದು. ಕಾಗದವನ್ನು ಕುಲ್ಸುಮಬಿಯ ಮುಂದೆ ಒಗೆದು, "ನಿನಗ ಗೊತ್ತಿತ್ತೇನು?" ಎಂದು ಕೇಳಿದೆ. ಎರಡು ವರ್ಷದಿಂದ ಗೊತ್ತಂತೆ. "ಹೇಳಿದ್ರ ಕೇಳ್ತಿದ್ರೇನು?" ಅಂದಳು. ಅಂದು ತಾನೇ ನಕ್ಕಳು. ನನಗೆ ನಗು ಬರಲಿಲ್ಲ. ಆಮೇಲೆ ಅವಳು ಅತ್ತಳು, ಅದೂ ನನಗೆ ಬೇಕಿರಲಿಲ್ಲ.

ರಾಣೇಬೆನ್ನೂರಿಗೆ ಹೋಗಿದ್ದೆ. ನೀನು ಹೇಳಿದ್ದಕ್ಕಲ್ಲ, ಫೋನು ರಿಪೇರಿಗೆ ಕೊಡುವುದಿತ್ತು. ಅಂಗಡಿಯವನು ಫೋನನ್ನು ಕಿವಿಗೆ ಹಿಡಿದು ನೋಡಿ "ಛಲೋ ಐತ್ರಿ ಇದು" ಎಂದು ವಾಪಸು ಕೊಟ್ಟ. ಅಲ್ಲಿಂದ ಡಾಕ್ಟರ ಹತ್ತಿರ ನಡೆದೆ. ಕಿವಿಗೆ ಡಬ್ಬಿ ಹಾಕಿ ಗಾಜಿನ ಕೋಣೆಯಲ್ಲಿ ಕೂರಿಸಿದರು, ಸದ್ದು ಬಂದಾಗ ಬೆರಳು ಎತ್ತಬೇಕಂತೆ. ನಾನು ಬೆರಳು ಎತ್ತದೆ ಕೂತೇ ಇದ್ದೆ. ಇನ್ನೂ ಶುರು ಮಾಡಿಲ್ಲ ಎಂದುಕೊಂಡಿದ್ದೆ. ಕಣ್ಣೆತ್ತಿ ನೋಡಿದರೆ ಪರೀಕ್ಷೆ ಮಾಡುವ ಹುಡುಗಿ ಗೆರೆ ಎಳೆದು ಮುಗಿಸುತ್ತಿದ್ದಳು. ಮಷೀನಿನ ಸದ್ದಿಗೇ ಕಿವಿ ಹೋದದ್ದಂತೆ, ಹೋದದ್ದು ವಾಪಸು ಬರುವುದಿಲ್ಲ. ಯಂತ್ರ ಹಾಕಿಕೊಂಡರೆ ಎದುರಿನವರ ಮಾತು ಸ್ವಲ್ಪ ತಿಳಿಯಬಹುದು, ಬೇರಿಂಗಿನ ಸಣ್ಣ ಸದ್ದು ತಿಳಿಯುವ ಭರವಸೆ ಕೊಡಲಾರೆ ಎಂದರು. ನೇರವಾಗಿ ಹೇಳಿದರು. ಒಳ್ಳೆಯ ಡಾಕ್ಟರು.

ಸಾಹುಕಾರರಿಗೆ ಬೇರೆ ಯಾರೋ ಹೇಳುವ ಮೊದಲು ನಾನೇ ಹೇಳಬೇಕಿತ್ತು. ಮರುದಿನ ಹೋಗಿ ನಿಂತೆ.

"ಸಾಹುಕಾರ್ರ, ನನಗ ಕಿವಿ ಕೇಳಂಗಿಲ್ಲ."

"ನೀವು ನಮ್ಮ ಮಾತು ಕೇಳಿದ್ದರ ಯಾವಾಗ ಯೂಸುಫಸಾಬ್ರ?" ಎಂದು ನಕ್ಕರು.

"ಖರೇನ ಹೇಳಾಕತ್ತೇನ್ರಿ. ನಾಕು ವರ್ಷ ಆತು."

ನಗು ನಿಂತಿತು. ಹಿಸಾಬು ಮುಗಿಸಿ ಮನೆಗೆ ಕಳಿಸುತ್ತಾರೆ ಎಂದುಕೊಂಡೆ. ಆಮೇಲೆ ಕುರ್ಚಿಯನ್ನು ನನ್ನ ಎದುರಿಗೆ ಎಳೆದುಕೊಂಡು, ಬಾಯಿ ಕಾಣುವ ಹಾಗೆ ಕೂತು, ದೊಡ್ಡ ದನಿ ಮಾಡದೆ ಕೇಳಿದರು: "ಹಂಗಾರ ಈ ಸಲ ಬಿಚ್ಚೂದೋ, ಬ್ಯಾಡೋ? ಅದನ್ನ ನೀವ ಹೇಳಬೇಕು."

ನನ್ನ ಕೆಲಸ ಉಳಿಯುವುದೂ ಹೋಗುವುದೂ ಆ ಒಂದು ಮಾತಿನ ಮೇಲಿದೆ. ನಾನಿನ್ನೂ ಹೇಳಿಲ್ಲ.

ಸ್ಟೋರೇಜು ಖಾಲಿ ಇದೆ. ನಾಲ್ಕೂ ಕಂಪ್ರೆಸರ್ ಮುಚ್ಚಿಯೇ ಇವೆ, ಒಂದು ಬೋಲ್ಟಿಗೂ ಪಾನಾ ಹಚ್ಚಿಲ್ಲ. ಸಂಕ್ರಾಂತಿ ಮುಗಿದರೆ ಮಾಲು ಗೇಟಿಗೆ ಬರುತ್ತದೆ. ಬಿಚ್ಚುವುದಾದರೆ ನನಗೆ ವಾರವಾದರೂ ಬೇಕು. ಸೋಮಣ್ಣನ ಕಿವಿ ಚೆನ್ನಾಗಿದೆ, ಆದರೆ ಅವನಿಗೆ ಎಲ್ಲ ಸದ್ದೂ ಒಂದೇ. ಸ್ಕ್ರೂಡ್ರೈವರ್ ಕೊಟ್ಟು ಏನು ಕೇಳಿಸಿತು ಅಂದರೆ "ಮಷೀನ್ ಸಪ್ಪಳ ಆಕ್ಕೇತಿ ಚಾಚಾ" ಅನ್ನುತ್ತಾನೆ. ಮಷೀನು ಮಷೀನಿನ ಸದ್ದು ಮಾಡದೆ ಹಾಡು ಹೇಳುತ್ತದೆಯೇ? ಬೇರಿಂಗು ಒಣಗಿದರೆ ಹೇಗೆ, ವಾಲ್ವು ಬಡಿದರೆ ಹೇಗೆ ಎಂದು ನಾನು ಕೂರಿಸಿ ಕಲಿಸಿದ್ದು ನಿನಗೊಬ್ಬಳಿಗೆ. ಆಗ ನಿನಗೆ ಅದು ಆಟ ಅನ್ನಿಸಿತ್ತು. ಮರೆತಿದ್ದರೆ ಮರೆತಿದ್ದೇನೆ ಎಂದು ಬರೆ, ಸುಳ್ಳು ಬೇಡ.

ನೀನು ಬರಬೇಕು. ಒಂದೊಂದನ್ನೂ ಓಡಿಸುತ್ತೇನೆ. ನೀನು ಕಿವಿ ಹಚ್ಚು, ಕೇಳಿಸಿದ್ದನ್ನು ನನ್ನ ಎದುರು ನಿಂತು ಬಾಯಿಬಿಟ್ಟು ಹೇಳು. ನಾನು ಅಂಗೈ ಇಟ್ಟು ನೋಡುತ್ತೇನೆ. ಕೈಗೆ ಇನ್ನೂ ನಡುಕ ತಿಳಿಯುತ್ತದೆ. ಎರಡೂ ಕೂಡಿದರೆ ಯಾವುದನ್ನು ಬಿಚ್ಚಬೇಕು, ಯಾವುದನ್ನು ಬಿಡಬೇಕು ಎಂದು ಸಾಹುಕಾರರಿಗೆ ಹೇಳುತ್ತೇನೆ. ಸೋಮಣ್ಣನನ್ನೂ ಜೊತೆಗೆ ಕೂರಿಸಿಕೋ, ವರ್ಷವಿಡೀ ಕೇಳಬೇಕಾದವನು ಅವನು. ನಿಮ್ಮಲ್ಲಿ ಸದ್ದು ಅಳೆಯುವ ಯಂತ್ರ ಇದ್ದರೆ ಅದನ್ನೂ ತಾ. ಬೇಡ ಅನ್ನುವುದಿಲ್ಲ.

ಪ್ರೇಮಕುಮಾರನ ಜೊತೆ ಜಗಳವಾಡಬೇಡ. ಐದು ವಿಮಾನಕ್ಕೆ ಮಾತ್ರ ಒಪ್ಪಿದ್ದು ಸರಿಯಾಗಿದೆ. ಫಿಲ್ಟರಿನ ಪೊಟ್ಟಣವನ್ನು ನೀನೇ ಬಿಚ್ಚಿ ನೋಡು, ಬೇರೆಯವರ ಕೈಗೆ ಕೊಡಬೇಡ.

ನೀನು ಬಾರದಿದ್ದರೆ ಆರನೇ ತಾರೀಖಿಗೆ ನಾಲ್ಕನ್ನೂ ಬಿಚ್ಚುತ್ತೇನೆ. ಕೇಳಿಸದವನು ಬಿಚ್ಚಿ ನೋಡುತ್ತಾನೆ ಎಂದು ಬರೆದವಳು ನೀನೇ. ಬರುತ್ತೀಯೋ ಇಲ್ಲವೋ, ಜನವರಿ ಐದರ ಒಳಗೆ ಉತ್ತರ ನನ್ನ ಕೈಯಲ್ಲಿ ಇರಬೇಕು.

ಯೂಸುಫಸಾಬ